ಗಾಜಿನಾಚೆ ನಿಂತ ವಿಲ್ಫ್

ಡೊರೀನ್ ಎದುರು ಅವಳಪ್ಪ ವಿಲ್ಫ್‌ನ ಹೆಸರೆತ್ತುವಂತಿರಲಿಲ್ಲ. ತಾಯಿಯಿಲ್ಲದ ಆರು ವರ್ಷದ ಮಗಳನ್ನು ಸಮುದ್ರ ತೀರದ ಫ್ಲೀಟ್‌ವುಡ್‌ನ ಸೋದರತ್ತೆಯ ಕೈಗೆ ಒಪ್ಪಿಸಿ, ಇಂಗ್ಲೆಂಡಿನ ಗಿರಣಿ ಊರು ಬರ್ನ್ಲಿಯ ರೈಲು ನಿಲ್ದಾಣದಲ್ಲಿ ನಿಂತು ಅಣಕಿಸಿದವನು ಎಂಥ ಅಪ್ಪ? ಮುತ್ತು ಕೊಡುವುದಿರಲಿ, ಹತ್ತಿರವೂ ಬರಲಿಲ್ಲ. ಬೋಗಿಯ ಗಾಜಿನಾಚೆ ನಿಂತು ಬಾಯಿ ಸೊಟ್ಟಗೆ ಮಾಡುತ್ತಾ, ಹುಬ್ಬು ಕುಣಿಸುತ್ತಾ ಇದ್ದ. ಅದೇ ವರ್ಷ ಚಳಿಗಾಲದಲ್ಲಿ ತೀರಿಕೊಂಡ. ಡೊರೀನ್‌ಗೆ ತಲೆಗೂದಲು ನೆರೆತರೂ ಆ ಸಿಟ್ಟು ಮಾತ್ರ ನೆರೆಯಲಿಲ್ಲ.

ಅವಳ ಮಗಳು ಜೂಡಿತ್‌ಗೆ ಅಜ್ಜ ಬೇಕಾಗಿತ್ತು. ಕಾಣದ ಅಜ್ಜನ ಮೇಲೆ ಮೊಮ್ಮಕ್ಕಳಿಗೆ ಹುಚ್ಚು ಹೆಚ್ಚು. ರಜೆ ಸಿಕ್ಕಾಗಲೆಲ್ಲ ಬರ್ನ್ಲಿಗೆ ಹೋಗಿ ಹುಡುಕಿದಳು. ವಿಲ್ಫ್ ಮಗ್ಗ ರಿಪೇರಿ ಮಾಡುತ್ತಿದ್ದ ಗಿರಣಿ ಈಗ ಸೋಫಾ ಅಂಗಡಿ. ಮನೆಯಿದ್ದ ಬೀದಿ ಕಾರು ನಿಲ್ಲಿಸುವ ಜಾಗ. ಗೋರಿಗೆ ಕಲ್ಲೂ ಇಲ್ಲ. ಲೋಕಕ್ಕೆಲ್ಲ ಬಟ್ಟೆ ಕೊಟ್ಟವರ ಗುರುತಿಗೆ ಒಂದು ಚಿಂದಿಯೂ ಉಳಿದಿರಲಿಲ್ಲ.

ಅಷ್ಟರಲ್ಲಿ ಊರಿನ ಲೈಬ್ರರಿಗೆ ಹಳೆಯ ಮೂಕಿ ಫಿಲ್ಮ್ ಸುರುಳಿಯೊಂದು ಸಿಕ್ಕಿತು. ವರ್ಷಕ್ಕೊಂದು ವಾರ ಗಿರಣಿಗಳೆಲ್ಲ ಮುಚ್ಚಿ, ಊರಿಗೆ ಊರೇ ಸಮುದ್ರ ತೀರಕ್ಕೆ ಹೊರಡುವಾಗ, ಯಾರೋ ಹವ್ಯಾಸಿ ಕ್ಯಾಮೆರಾ ಹಿಡಿದು ನಿಲ್ದಾಣದಲ್ಲಿ ತೆಗೆದದ್ದು. ಮುಖಗಳನ್ನು ಗುರುತಿಸಲು ಒಂದು ಶನಿವಾರ ಮಧ್ಯಾಹ್ನ ಹಳೆಯ ನೇಕಾರ ಹೆಂಗಸರನ್ನು ಟೀಗೆ ಕರೆದರು. ಜೂಡಿತ್ ಅಮ್ಮನನ್ನೂ ಹೇಗೋ ಪುಸಲಾಯಿಸಿ ಕರೆತಂದಳು.

ಪರದೆಯ ಮೇಲೆ ಟೋಪಿಗಳು, ಟ್ರಂಕುಗಳು, ನೂಕುನುಗ್ಗಲು. ಆಮೇಲೆ ಬೋಗಿಯೊಂದರ ಕಿಟಕಿ, ಅದರೆದುರು ಕ್ಯಾಮೆರಾದತ್ತ ಓರೆಯಾಗಿ ನಿಂತ ಸಣಕಲು ಮನುಷ್ಯ. ಡೊರೀನ್ ಕೈಯಲ್ಲಿದ್ದ ಕಪ್ ಕೆಳಗಿಟ್ಟಳು.

"ಅವ್ನೇ! ನಿನ್ನ ತಾತ. ಹೆಂಗೆ ಅಣಕಿಸ್ತಿದಾನೆ ನೋಡು. ನಾನೇನು ಸುಳ್ಳು ಹೇಳಿದ್ನಾ?"

ಜೂಡಿತ್‌ಗೆ ನಾಚಿಕೆಯಾಯಿತು. ಇಷ್ಟು ಹುಡುಕಿದ್ದು ಇದನ್ನು ನೋಡಲಿಕ್ಕೇ?

ಪಕ್ಕದಲ್ಲಿ ಕೂತು ಡೊರೀನ್ ಬಾಯನ್ನೇ ನೋಡುತ್ತಿದ್ದ ಹೆಟ್ಟಿ ಎಂಬ ಮುದುಕಿ ಕೋಲು ಕುಟ್ಟಿದಳು. ಮಗ್ಗಗಳ ಸದ್ದಿಗೆ ಅವಳ ಕಿವಿ ಎಂದೋ ಹೋಗಿತ್ತು, ಕಣ್ಣು ಮಾತ್ರ ಹದ್ದಿನದು.

"ಅಣಕ ಎಲ್ಲಿಂದ ಬಂತೇ? ಅವನು ಮಾತಾಡ್ತಿದಾನೆ! ಮಗ್ಗದ ಗದ್ದಲದಲ್ಲಿ ಕೂಗಿದ್ರೆ ಯಾರಿಗೆ ಕೇಳುತ್ತೆ? ನಾವೆಲ್ಲ ಹಿಂಗೇ ಬಾಯಗಲಿಸಿ ತುಟೀಲೇ ಮಾತಾಡ್ತಿದ್ವಿ. ಊರಾಚೆ ಗುಟ್ಟು ಹೇಳ್ಕೊಂಡ್ರೂ ನಮಗೆ ಗೊತ್ತಾಗ್ತಿತ್ತು. ಏಯ್ ತಮ್ಮಾ, ಹಿಂದಕ್ಕೆ ತಿರುಗಿಸು!"

ಲೈಬ್ರರಿಯವನು ತಿರುಗಿಸಿದ. ಹೆಟ್ಟಿ ವಿಲ್ಫ್‌ನ ತುಟಿಗಳನ್ನೇ ಓದುತ್ತಾ ಹೋದಳು.

"'ಅಳಬೇಡ ಪುಟ್ಟಾ. ಅತ್ತೆ ಊರಲ್ಲಿ ಒಳ್ಳೆ ಗಾಳಿ ಇದೆ. ನನ್ನೆದೇಲಿ ಕ್ಷಯ ಕೂತಿದೆ. ಮುತ್ತು ಕೊಟ್ರೆ ನಿಂಗೂ ಅಂಟುತ್ತೆ.' ಇಲ್ಲಿ ಮುಖ ತಿರುಗಿಸಿದ, ಕೆಮ್ಮು ಪಾಪ. ಹಾಂ... 'ಒಂದ್ಸಲ ನಗು ಕಂದಾ. ನೋಡ್ಕೊಂಡು ಹೋಗ್ತೀನಿ.'"

ಲೈಬ್ರರಿಯವನು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ.

"ಕ್ಷಯ ಅಂತ ಅತ್ತೆ ಬಾಯೇ ಬಿಡ್ಲಿಲ್ಲ" ಎಂದಳು ಡೊರೀನ್. "ನಂಗೆ ಈ ತುಟಿ ಮಾತು ಬರ್ತಿರ್ಲಿಲ್ವಲ್ಲ..."

"ನಮ್ಮೋರ ತಪ್ಪೇ ಅದು ತಾಯಿ," ಹೆಟ್ಟಿ ಅವಳ ಬಾಯಿ ನೋಡಿಕೊಂಡು ಹೇಳಿದಳು. "ಹುಟ್ಟಿದ ಕೂಸಿಗೂ ಬರುತ್ತೆ ಅಂದ್ಕೊಂಡಿರ್ತೀವಿ. ಅವನೂ ಎಲ್ಲಾ ಹೇಳಿದೀನಿ ಅಂತ ನೆಮ್ಮದಿಯಾಗಿ ಮನೆಗೆ ಹೋಗಿರ್ತಾನೆ."

ಜೂಡಿತ್‌ಗೆ ಈಗ ಲೆಕ್ಕ ಸಿಕ್ಕಿತು. ಕೂಸಿನ ಕೆನ್ನೆಗೆ ಒಂದು ಮುತ್ತು ಕೊಡದೆ ತಡೆದುಕೊಂಡನಲ್ಲ, ಅದರ ಪುಣ್ಯದಿಂದ ಅಮ್ಮ ಉಳಿದಳು, ಅಮ್ಮನಿಂದ ತಾನು. ಆಸ್ತಿ ಬಿಟ್ಟುಹೋದ ಅಜ್ಜಂದಿರು ಬೇಕಾದಷ್ಟಿದ್ದಾರು. ತನ್ನಜ್ಜ ತಮಗೆ ಉಸಿರನ್ನೇ ಬಿಟ್ಟುಹೋಗಿದ್ದ. ಈ ಋಣಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

"ಅವತ್ತು ನಾನು ನಗ್ಲಿಲ್ಲ," ಎಂದಳು ಡೊರೀನ್. "ಮುಖ ಆಚೆ ತಿರುಗಿಸ್ಕೊಂಡೆ." ಎದ್ದು, ಕುರ್ಚಿಗಳನ್ನು ಸರಿಸಿ, ಪರದೆಯ ಎದುರಿಗೆ ಹೋಗಿ ನಿಂತಳು. "ಇನ್ನೊಂದ್ಸಲ ಹಾಕಪ್ಪಾ."

ವಿಲ್ಫ್ ಮತ್ತೆ ಬಂದು ಗಾಜಿನೆದುರು ನಿಂತ. ಕಣ್ಣೀರು ಗಲ್ಲಕ್ಕಿಳಿಯುತ್ತಿದ್ದರೂ ಡೊರೀನ್ ಹಲ್ಲು ಕಾಣುವಷ್ಟು ಅಗಲಕ್ಕೆ ನಕ್ಕಳು.

"ನೋಡ್ಕೋ ಅಪ್ಪಾ," ಎಂದಳು.