ಪರೀಕ್ಷೆಯಲ್ಲಿ ಇಲ್ಲದ ವಿಷಯ

ಶಾಲೆಯ ಮರಗೆಲಸದ ಕೋಣೆಯ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಸಾಗಿಸಲು ಬಂದವರು ಅದರ ಕಾಲು ಕೊಯ್ಯಲು ಹೊರಟಾಗ ಮರಗೆಲಸದ ಮೇಷ್ಟ್ರು ಅಡ್ಡ ಬಂದರು.

"ಕೊಯ್ಯಬೇಡ್ರಪ್ಪ. ಬೆಣೆ ತೆಗೆದ್ರೆ ತಾನಾಗೇ ಬಿಚ್ಕೊಳ್ಳತ್ತೆ."

ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾವೇ ಮಾಡಿದ್ದ ಮೇಜನ್ನು ಅವರು ಮಂಡಿಯೂರಿ ಬಿಚ್ಚತೊಡಗಿದರು. ಆಗಲೇ ಮಗಳು ಬಂದಳು. ಅವಳು ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿ.

ಹತ್ತಾರು ದೇಶಗಳ ಮಕ್ಕಳಿಗೆ ಒಟ್ಟಿಗೆ ನಡೆಸುವ ಪರೀಕ್ಷೆಯಲ್ಲಿ ಈ ದೇಶ ಕೊನೆಯಿಂದ ಮೂರನೆಯದಾಗಿತ್ತು. ಪತ್ರಿಕೆಗಳು ಮಂತ್ರಿಯ ಮಾನ ಹರಾಜಿಗಿಟ್ಟವು. ಸ್ವಲ್ಪ ದಿನದಲ್ಲೇ ಆದೇಶ ಹೊರಟಿತು. ಗಣಿತ, ವಿಜ್ಞಾನ, ಓದು. ಆ ಪರೀಕ್ಷೆಯಲ್ಲಿ ಕೇಳದ ಬೇರೆ ಯಾವುದಕ್ಕೂ ಇನ್ನು ಪೀರಿಯಡ್ ಇಲ್ಲ. ಮರಗೆಲಸದ ಕೋಣೆಗೆ ಕಂಪ್ಯೂಟರುಗಳು ಬರಲಿದ್ದವು.

"ಅಪ್ಪಾ, ಆ ಆರ್ಡರ್ ಬರೆದದ್ದು ನಾನೇ."

"ಗೊತ್ತು. ಒಂದು ಕಾಗುಣಿತವೂ ತಪ್ಪಿರ್ಲಿಲ್ಲ."

"ನಾನು ಬರೀದಿದ್ರೆ ಇನ್ನೊಬ್ರು ಬರೀತಿದ್ರು."

"ಹೂಂ. ಆ ತುದಿ ಹಿಡ್ಕೋ."

ಅವಳು ಚೀಲ ಕೆಳಗಿಟ್ಟು ಹಲಗೆ ಹಿಡಿದಳು. "ನಿಮ್ಮನ್ನ ಕೆಲಸದಿಂದ ತೆಗೆಯಲ್ಲ. ಮಾಕ್ ಟೆಸ್ಟ್ ನೋಡ್ಕೊಳ್ಳೋಕೆ ಜನ ಬೇಕು."

"ನನ್ನ ವಿಷ್ಯ ಬಿಡಮ್ಮ. ಒಬ್ಬಳು ಹುಡುಗಿ ಇದಾಳೆ. ಓದೋಕೆ ಕೂತ್ರೆ ಅಕ್ಷರ ಎಲ್ಲಾ ಕುಣಿಯುತ್ವೆ ಅಂತಾಳೆ. ಉಳಿ ಕೊಟ್ರೆ ಕೂದಲೆಳೆಯಷ್ಟೂ ಆಚೀಚೆ ಆಗಲ್ಲ. ಅಂಚು ನಯ ಆಯ್ತಾ ಅಂತ ಹೆಬ್ಬೆರಳು ಎಳೆದೇ ನೋಡ್ತಾಳೆ. ಈ ಕೋಣೆಗೋಸ್ಕರವೇ ಸ್ಕೂಲಿಗೆ ಬರ್ತಿದ್ಲು. ಅವಳಿಗೇನು ಹೇಳ್ಲಿ?"

"ಅಂಥವ್ರಿಗೆ ಎಕ್ಸ್‌ಟ್ರಾ ಕ್ಲಾಸ್ ಇಟ್ಟಿದೀವಿ."

"ಏನು ಕ್ಲಾಸು?"

"ಓದೋದು," ಎಂದಳು ಮಗಳು. ಹೇಳಿದ ಮೇಲೆ ತಂದೆಯ ಮುಖ ನೋಡಲಾಗದೆ ಹಲಗೆಯ ಧೂಳು ಒರೆಸಿದಳು.

ಬೆಣೆ ಸಡಿಲಾಯಿತು. ಇಬ್ಬರೂ ಸೇರಿ ಮೇಜನ್ನು ತುಂಡುತುಂಡಾಗಿ ಲಾರಿಗೆ ಹಾಕಿದರು. "ಬರ್ತೀನಪ್ಪ" ಎಂದು ಮಗಳು ಚೀಲ ಎತ್ತಿಕೊಂಡಳು.

ಮುಂದಿನ ತಿಂಗಳು ಅದೇ ಕೋಣೆಯಲ್ಲಿ ಮೊದಲ ಮಾಕ್ ಟೆಸ್ಟ್. ಗೋಡೆಗೆ ಬಿಳಿ ಬಣ್ಣ ಬಳಿದಿದ್ದರು. ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮೇಷ್ಟ್ರು ಸಾಲುಗಳ ನಡುವೆ ನಡೆಯುತ್ತಿದ್ದರು. ಆ ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ಉಳಿದವರೆಲ್ಲ ಎಷ್ಟೋ ಪ್ರಶ್ನೆ ಮುಂದೆ ಹೋಗಿದ್ದರು. ಅವಳ ಪರದೆಯ ಮೇಲೆ ಮೊದಲ ಪ್ರಶ್ನೆಯೇ ಇನ್ನೂ ನಿಂತಿತ್ತು. ಮೇಷ್ಟ್ರು ಬಳಿಗೆ ಹೋಗಿ ಬಗ್ಗಿದರು. ಮಕ್ಕಳನ್ನು ಮಾತಾಡಿಸುವಂತಿಲ್ಲ ಎಂಬುದು ನೆನಪಾಗಿ ಮತ್ತೆ ನೆಟ್ಟಗಾದರು.

ಹುಡುಗಿ ತಲೆಯೆತ್ತಲಿಲ್ಲ. ಹೊಸ ಪ್ಲಾಸ್ಟಿಕ್ ಮೇಜಿನ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆಯುತ್ತಿದ್ದಳು, ಆ ತುದಿಯಿಂದ ಈ ತುದಿಗೆ, ಮತ್ತೆ ಈ ತುದಿಯಿಂದ ಆ ತುದಿಗೆ.