ಮೀಸೆಯವನ ಮಾತು ನಂಬಬೇಡಿ

ನಮ್ಮ ಲಾಡ್ಜಿನಲ್ಲಿ ರೂಮು ಬುಕ್ ಮಾಡಿದವರಿಗೆಲ್ಲ ನಾನು ಫೋನಿನಲ್ಲಿ ಒಂದೇ ಪಾಠ ಒಪ್ಪಿಸುತ್ತೇನೆ. ಸ್ಟೇಷನ್ನಿನ ಮುಂದಿನ ಗೇಟು ಬೇಡ, ಹಿಂದಿನ ಗೇಟಿನಿಂದ ಬನ್ನಿ. ಕೂಗಿ ಕರೆಯುವವರ ಗಾಡಿ ಹತ್ತಬೇಡಿ, ಸುಮ್ಮನೆ ನಿಂತಿರುವವನನ್ನು ಕೇಳಿ. ಮೊಬೈಲು ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿ, ಕಿತ್ತುಕೊಂಡು ಓಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ದಪ್ಪ ಮೀಸೆಯವನೊಬ್ಬ ಬಂದು, ಆ ಲಾಡ್ಜ್ ಮುಚ್ಚಿಹೋಗಿದೆ, ನನ್ನ ಜೊತೆ ಬನ್ನಿ ಅಂದರೆ ನಂಬಬೇಡಿ. ಅವನು ಪಕ್ಕದ ಬೀದಿಯ ಲಾಡ್ಜಿನವನು. ನಮ್ಮ ಲಾಡ್ಜಿಗೆ ಬೆಂಕಿ ಹಚ್ಚಿದ್ದಾನೆ, ಪೊಲೀಸರಿಂದ ಬೀಗ ಹಾಕಿಸಿದ್ದಾನೆ, ಒಮ್ಮೆ ನನ್ನನ್ನೇ ಸಾಯಿಸಿದ್ದಾನೆ, ಎಲ್ಲ ಬಾಯಲ್ಲೇ. ಓನರಮ್ಮನೇ ಮಾತಾಡ್ತಾರೆ ಅಂತ ಫೋನು ಕೊಟ್ಟರೂ ನಂಬಬೇಡಿ, ಅದು ಅವನ ಅತ್ತಿಗೆ.

ಕೇಳುವವರು ಯಾರು? ಹೂಂ ಹೂಂ ಅಂದವರೇ ಅವನ ಗಾಡಿಯಲ್ಲಿ ಕೂತು ಅವನ ಲಾಡ್ಜಿಗೆ ಹೋಗುತ್ತಾರೆ. ಸಂಜೆ ನನಗೇ ಫೋನು ಮಾಡಿ, "ಬೆಂಕಿ ಬಿತ್ತಂತೆ, ಪಾಪ" ಎಂದು ಸಮಾಧಾನ ಹೇಳುತ್ತಾರೆ. ನನ್ನ ಗಂಟಲು ಒಣಗಿದ್ದಷ್ಟೇ ಬಂತು.

ಆ ದಿನ ಬೆಳಿಗ್ಗೆ ಮಹಡಿಯ ನೀರಿನ ಟ್ಯಾಂಕು ಒಡೆಯಿತು. ಮೇಲಿನಿಂದ ಕೆಳಗಿನವರೆಗೆ ಹಾಸಿಗೆಗಳೆಲ್ಲ ನೆಂದು ತೊಪ್ಪೆಯಾದವು. ಇದ್ದ ಗಿರಾಕಿಗಳನ್ನು ಹೇಗೋ ಅಲ್ಲಿ ಇಲ್ಲಿ ಸೇರಿಸಿದೆ. ಉಳಿದವರು ಮಧ್ಯಾಹ್ನದ ರೈಲಿಗೆ ಬರುವ ರಿಟೈರ್ಡ್ ಮೇಷ್ಟ್ರು ಮತ್ತು ಅವರ ಹೆಂಡತಿ. ಆಕೆಗೆ ಮಂಡಿ ಆಪರೇಷನ್ ಆಗಿತ್ತು. ಮೆಟ್ಟಿಲು ಹತ್ತುವ ಹಾಗಿಲ್ಲ, ಹೆಚ್ಚು ನಡೆಯುವ ಹಾಗೂ ಇಲ್ಲ. ಸೀಸನ್ನು ಬೇರೆ. ಊರೆಲ್ಲ ಜಾಲಾಡಿದರೂ ನೆಲಮಹಡಿಯ ರೂಮು ಖಾಲಿಯಿದ್ದದ್ದು ಮೀಸೆಯವನ ಹತ್ತಿರ ಮಾತ್ರ.

"ಹಾಳಾಗಿ ಹೋಗ್ಲಿ, ಅವನನ್ನೇ ಕೇಳು," ಎಂದರು ನಮ್ಮವರು, ಬಕೆಟ್ಟಿನಲ್ಲಿ ನೀರು ತೋಡುತ್ತ. ಅವರಿಗೇನು, ಹೋಗುವುದು ನನ್ನ ಮರ್ಯಾದೆ. ಹಲ್ಲು ಕಚ್ಚಿಕೊಂಡು ಫೋನು ಮಾಡಿದೆ.

"ಅದಕ್ಕೇನಂತೆ ಅಕ್ಕ? ನಾನೇ ಸ್ಟೇಷನ್‌ಗೆ ಹೋಗಿ ಗಾಡೀಲಿ ಕೂರಿಸ್ಕೊಂಡು ಬರ್ತೀನಿ."

ಅಕ್ಕನಂತೆ ಅಕ್ಕ! ಮೇಷ್ಟ್ರಿಗೆ ತಿಳಿಸೋಣವೆಂದರೆ ಅವರ ಮೊಬೈಲು ಆಫ್. ರೈಲು ಬಂದ ಮೇಲೆ ಮೀಸೆಯವನದೇ ಫೋನು ಬಂತು.

"ಅಕ್ಕ, ಇವ್ರು ನಂಬ್ತಾನೇ ಇಲ್ಲ. ನೀವೇ ಒಂದ್ಮಾತು ಹೇಳಿ."

"ಮೇಷ್ಟ್ರೇ, ನಾನು ಲಾಡ್ಜಿನವಳು. ಅವನು ಹೇಳ್ತಿರೋದು ನಿಜ. ನಮ್ಮಲ್ಲಿ ಟ್ಯಾಂಕ್ ಒಡೆದು..."

"ನಾಚಿಕೆ ಆಗಲ್ವೇನಮ್ಮ ನಿಮಗೆ?" ಮೇಷ್ಟ್ರು ಗುಡುಗಿದರು. "ಆ ತಾಯಿ ಎಲ್ಲಾ ಮೊದ್ಲೇ ಹೇಳಿದ್ದಾರೆ. ನೀವು ಇವನ ಅತ್ತಿಗೆ ಅಲ್ವಾ?"

"ಅಯ್ಯೋ, ಆ ತಾಯಿ ನಾನೇ!"

ಫೋನು ಕಟ್ಟಾಯಿತು. ಒದ್ದೆ ಬಟ್ಟೆಯಲ್ಲೇ ಬೀದಿಗೆ ಓಡಿದೆ. ಅರ್ಧ ದಾರಿಯಲ್ಲಿ ಸಿಕ್ಕರು. ಆಕೆ ಒಂದು ಕೈ ಗಂಡನ ಹೆಗಲ ಮೇಲೆ, ಇನ್ನೊಂದು ಕೈ ಗೋಡೆಯ ಮೇಲೆ ಇಟ್ಟು ಕಾಲೆಳೆಯುತ್ತ ಬರುತ್ತಿದ್ದರು. ಹಿಂದೆಯೇ ಖಾಲಿ ಗಾಡಿ ತೆವಳುತ್ತಿತ್ತು, ಒಳಗಿನಿಂದ ಮೀಸೆಯವನು ಕೈಮುಗಿಯುತ್ತಿದ್ದ. "ತಾಯಿ, ಹತ್ತಿ ತಾಯಿ, ನಿಮ್ಮ ದಮ್ಮಯ್ಯ!" ಮೇಷ್ಟ್ರು ಅವನತ್ತ ಕೊಡೆ ಬೀಸುತ್ತಿದ್ದರು.

"ನಾನೇ ಲಾಡ್ಜಿನವಳು," ಎಂದೆ ಏದುಸಿರು ಬಿಡುತ್ತ. "ದಯವಿಟ್ಟು ಗಾಡಿ ಹತ್ತಿ."

ಅವರು ನನ್ನ ಮುಖ ಕಂಡವರಲ್ಲವಲ್ಲ! ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಹೋ, ಅತ್ತಿಗೇನೂ ಬಂದ್ಲು!" ಎಂದು ಕೊಡೆ ನನ್ನತ್ತ ತಿರುಗಿಸಿದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬೇಡಿದೆ, ಬೈದೆ, ಆಣೆ ಹಾಕಿದೆ. ಅವರು ಕಿವಿಗೇ ಹಾಕಿಕೊಳ್ಳದೆ ನಮ್ಮ ಲಾಡ್ಜಿನವರೆಗೂ ನಡೆದೇ ಬಂದರು. ನಮ್ಮ ಬಾಗಿಲಲ್ಲಿ ಹರಿಯುತ್ತಿದ್ದ ನೀರನ್ನೂ ನನ್ನನ್ನು ಕಂಡು "ಎಲ್ಲೇ ಹೋಗಿದ್ದೆ?" ಎಂದು ಕಿರುಚಿದ ನಮ್ಮವರನ್ನೂ ನೋಡಿದ ಮೇಲೆಯೇ ಮೇಷ್ಟ್ರ ಕೊಡೆ ಕೆಳಗಿಳಿಯಿತು.

ಆಕೆ ಒದ್ದೆ ಮೆಟ್ಟಿಲ ಮೇಲೆಯೇ ಕುಸಿದು ಕೂತರು. ಮುಖ ಬಿಳಿಚಿಕೊಂಡಿತ್ತು.

"ನೀವು ಹೇಳಿದ್ದು ಒಂದೂ ಬಿಡದೆ ಮಾಡಿದ್ವಿ ಕಣಮ್ಮ," ಎಂದರು. "ಸುಮ್ನೆ ನಿಂತಿರೋ ಗಾಡಿ ಮಾತ್ರ ಒಂದೂ ಸಿಗ್ಲಿಲ್ಲ."

ಇಷ್ಟು ವರ್ಷ ಯಾರಾದರೂ ನನ್ನ ಮಾತು ಕೇಳಲಿ ಎಂದು ಹಂಬಲಿಸಿದವಳು ನಾನು. ಕೇಳಿದವರ ಗತಿ ಕಣ್ಣೆದುರಿಗೇ ಇತ್ತು.

ನೀವೂ ಗಾಡಿ ಹತ್ತಿದರೆ ಮಾತ್ರ ಹತ್ತುತ್ತೇನೆ ಎಂದರು ಆಕೆ. ಹೀಗೆ ನಾನು ಜನ್ಮದಲ್ಲಿ ಮೊದಲ ಸಲ ಮೀಸೆಯವನ ಲಾಡ್ಜಿನ ಹೊಸ್ತಿಲು ತುಳಿದೆ. ಆಕೆಯನ್ನು ಮಂಚದ ಮೇಲೆ ಕೂರಿಸಿದ್ದಾಯಿತು. ಅವನು ಮೇಷ್ಟ್ರ ಕೈಗೆ ಬೀಗದ ಕೈ ಕೊಡುತ್ತ ಅಭ್ಯಾಸಬಲದಿಂದ ಶುರುಮಾಡಿದ.

"ಹೊರಗೆ ಹೋದಾಗ ಹುಷಾರು ಸಾರ್. ಪಕ್ಕದ ಬೀದೀಲಿ ಒಬ್ಬಳು ಲಾಡ್ಜಿನವಳಿದ್ದಾಳೆ, ಬಾಯಿಬಡುಕಿ. ಅವಳು ಏನು ಹೇಳಿದ್ರೂ ನಂಬ..."

"ಯಾರೋ ಬಾಯಿಬಡುಕಿ?"

"ಜಗಳ ಆಮೇಲೆ ಆಡ್ಕೊಳಿ," ಎಂದರು ಆಕೆ ಮಂಚದಿಂದ. "ಮಂಡಿ ಊದ್ತಾ ಇದೆ. ಯಾರಾದ್ರೂ ಐಸ್ ತನ್ನಿ."

ಇಬ್ಬರೂ ಅಡುಗೆಮನೆಗೆ ಓಡಿದೆವು. ಫ್ರಿಜ್ಜಿನ ಹತ್ತಿರ ನಿಂತಿದ್ದ ಹೆಂಗಸು, "ಯಾರು ನೀವು?" ಎಂದಳು. ಧ್ವನಿ ಥೇಟ್ ನನ್ನದೇ. ಅವಳ ಮೇಲೆ ಎಗರಲೂ ಹೊತ್ತಿರಲಿಲ್ಲ.

ಬಟ್ಟೆಯಲ್ಲಿ ಸುತ್ತಿದ ಐಸ್ ಮಂಡಿಯ ಮೇಲಿಟ್ಟೆ. ಆಕೆ ಉಸ್ಸೆಂದು ಕಣ್ಣು ಮುಚ್ಚಿದರು. ನನ್ನ ಕೈ ಮಾತ್ರ ಬಿಡಲಿಲ್ಲ.

"ನಾಳೆ ಏನೇನು ನೋಡ್ಬೇಕು, ಹೇಗೆ ಹೋಗ್ಬೇಕು, ಹೇಳಿಬಿಡಿ," ಎಂದರು. "ನೀವು ಹೇಳಿದ ಹಾಗೇ ಮಾಡ್ತೀವಿ."

ನಾನು ಮೀಸೆಯವನತ್ತ ತಿರುಗಿ, "ನೀನೇ ಹೇಳಪ್ಪ," ಎಂದೆ.