ಕರೀ ಕುಚ್ಚು

ಕೊಡಿಗೇಹಳ್ಳಿಯ ನಮ್ಮ ಹಳೇ ಮನೆಯ ಸುತ್ತ ಕಟ್ಟಡಗಳೆದ್ದು ಹಗಲಿನ ಬೆಳಕು ಕಾಣೆಯಾದ ಮೇಲೆ, ನನ್ನ ಗಂಡ ಮಹೇಂದ್ರ ನಡುಮನೆಗೆ ಇಪ್ಪತ್ನಾಲ್ಕು ಎಲ್‌ಇಡಿ ದೀಪ ಹಾಕಿಸಿದರು. ಒಂದು ಕೋಣೆಗೆ ಇಪ್ಪತ್ನಾಲ್ಕು! ಹೆಸರೇ ಇಲ್ಲದ ಅಗ್ಗದ ದೀಪಗಳು. ಊಟಕ್ಕೆ ಕೂತರೆ ಆಪರೇಷನ್‌ಗೆ ಮಲಗಿದ ಹಾಗಾಗುತ್ತಿತ್ತು. ಇವರಿಗೆ ಮಾತ್ರ ಬಂದವರನ್ನೆಲ್ಲ "ಏರ್‌ಪೋರ್ಟ್ ಥರ ಇಲ್ವಾ?" ಎಂದು ಕೇಳುವುದೇ ಕೆಲಸ.

ಅತ್ತೆ ಸೊಣ್ಣಮ್ಮ ಮೂವತ್ತು ವರ್ಷದಿಂದ ಸೀರೆಗೆ ಕುಚ್ಚು ಕಟ್ಟುವವರು. ಆ ದೀಪಗಳ ಕೆಳಗೆ ಕೂತು ಎರಡೇ ತಿಂಗಳಿಗೆ ಕಣ್ಣಲ್ಲಿ ನೀರು, ತಲೆನೋವು ಶುರುವಾಯಿತು. "ಅಭ್ಯಾಸ ಆಗುತ್ತೆ ಬಿಡಮ್ಮ" ಎಂದರು ಮಗರಾಯರು.

ಅಭ್ಯಾಸಕ್ಕಿಂತ ಮೊದಲು ಅನಾಹುತ ಆಯಿತು. ಮಹಡಿಯಲ್ಲಿ ಬಾಡಿಗೆಗಿರುವ ಧಾರವಾಡದ ರತ್ನಕ್ಕ, ಮಗಳ ಧಾರೆಸೀರೆಗೆ ಮರೂನ್ ಕುಚ್ಚು ಕಟ್ಟಿಕೊಡಿ ಎಂದಿದ್ದರು. ಕಟ್ಟಿದ ಸೀರೆಯನ್ನು ತಾರಸಿಯ ಬಿಸಿಲಲ್ಲಿ ಬಿಚ್ಚಿ ನೋಡಿ ಓಡಿ ಬಂದರು. "ಏನ್ರೀ ಅಮ್ಮಾರ, ಮದುವಿ ಸೀರಿಗೆ ಕರೀ ಕುಚ್ಚ ಕಟ್ಟೀರಲ್ರೀ! ನಾಕ ದಿನ ಐತ್ರೀ ಮದುವಿ!"

ಅತ್ತೆಯ ಮುಖ ನೋಡಲಾಗಲಿಲ್ಲ.

"ವಯಸ್ಸಾಯ್ತು ಕಣಮ್ಮ, ಕಣ್ಣು ಹೋಯ್ತು. ಇನ್ ಸೂಜಿ ಮುಟ್ಬೇಡ" ಎಂದು ಇವರು ದಾರದ ಡಬ್ಬವನ್ನು ಅಟ್ಟಕ್ಕೆ ಹಾಕಿದರು. ತಾಯಿ ಮೇಲೆ ಎಂಥ ಅಕ್ಕರೆ!

ಅಂದೇ ಕಣ್ಣಿನ ಡಾಕ್ಟರ ಹತ್ತಿರವೂ ಕರೆದೊಯ್ದರು. ಆ ಡಾಕ್ಟರ್ ಹುಡುಗಿ ಪರೀಕ್ಷೆ ಮಾಡಿ, ಪೊರೆ ಇಲ್ಲ, ಕನ್ನಡಕದ ನಂಬರೂ ಬದಲಾಗಿಲ್ಲ ಎಂದಳು. "ಮನೇಲಿ ಎಂಥ ಲೈಟು? ಕೆಲವು ಕಣ್ಣಿಗೆ ಚುಚ್ಚುತ್ವೆ, ಬಣ್ಣಾನೂ ಸರಿಯಾಗಿ ತೋರ್ಸಲ್ಲ." ಹೊರಗೆ ಬಂದ ತಕ್ಷಣ ಇವರ ತೀರ್ಪು: "ಅವಳಿಗೇನ್ ಗೊತ್ತು?" ಇವರಿಗೆ ಗೊತ್ತು; ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದ್ದಾರಲ್ಲ.

ನನಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಗ್ಗೆ ಡಬ್ಬ ಇಳಿಸಿ ಅತ್ತೆಯ ಕೈಗಿಟ್ಟೆ. ಅವರು ಅದನ್ನು ಇಪ್ಪತ್ನಾಲ್ಕು ದೀಪಗಳ ಕೆಳಗೆ ಮಗನ ಮುಂದೆ ತೆರೆದರು.

"ಮಹೇಂದ್ರ, ಮರೂನ್ ದಾರ ಯಾವ್ದಪ್ಪ? ನಿನ್ ಕಣ್ಣು ಚೆನ್ನಾಗೈತಲ್ಲ, ಎತ್ಕೊಡು."

ಇವರು ಗತ್ತಿನಿಂದ ಒಂದು ಉಂಡೆ ಎತ್ತಿಕೊಟ್ಟರು. ಅತ್ತೆ ಇವರ ಕೈ ಹಿಡಿದು ತಾರಸಿಗೆ ಕರೆದೊಯ್ದರು. ನಾನು ಬಿಡುತ್ತೇನೆಯೇ, ಡಬ್ಬ, ರತ್ನಕ್ಕನ ಸೀರೆ ಎತ್ತಿಕೊಂಡು ಹಿಂದೆಯೇ ಹೋದೆ. ಬಿಸಿಲಿಗೆ ಹಿಡಿದರೆ ದಾರ ಕಪ್ಪೋ ಕಪ್ಪು.

"ಅಯ್ಯೋ, ಇದು ಆ ದರಿದ್ರ ಲೈಟ್ದು ತಪ್ಪು ಕಣಮ್ಮ!"

"ಅಂಗಾದ್ರೆ ನಾನ್ ಕಟ್ಟಿದ್ದಕ್ಕೆ ನನ್ ಕಣ್ಣು ಎಂಗಪ್ಪ ಹೋಯ್ತು?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಬಿಸಿಲಲ್ಲಿ ಚಾಪೆ ಹಾಸಿ, ಸೀರೆ ಹರಡಿ ಕೂತು, ಮರೂನ್ ದಾರ ಆರಿಸಿ ಸೂಜಿಗೆ ಪೋಣಿಸಿದರು, ಮೊದಲ ಸಲಕ್ಕೇ.